ಟೇಕಲ್‌ನಿಂದ ಬಂದ ಪೋಸ್ಟ್

"ನನ್ನ ಪೋಸ್ಟ್ ಯಾಕ್ರೀ ಹಾಕಿಲ್ಲ?"

ಶ್ರೀನಿವಾಸಪುರದ ಡ್ರಿಪ್ ಪೈಪ್ ಅಂಗಡಿಗೆ ನುಗ್ಗುತ್ತಲೇ ಆಶಾರಾಣಿ ಕೇಳಿದಳು. ಫೋನ್ ಹಿಡಿದು ಕೂತಿದ್ದ ಮುರಳಿಮೋಹನ್ ತಲೆಯೆತ್ತಿದ. ಅವಳನ್ನು ಕಂಡಕೂಡಲೇ ಅವನ ಮುಖ ಬಾಡಿತು.

ಕಳೆದ ದೀಪಾವಳಿಯ ಹೊತ್ತಿಗೆ ಇದೇ ಮುರಳಿ ಹೆಣ್ಣು ನೋಡಲು ಯಲ್ದೂರಿನ ಅವಳ ಮನೆಗೆ ಬಂದಿದ್ದ. "ಮದುವೆಯಾದ್ಮೇಲೂ ಅಮ್ಮ ನನ್ನ ಜೊತೆನೇ ಇರ್ತಾರೆ" ಎಂದು ಅವಳು ನೇರವಾಗಿ ಹೇಳಿದ್ದಳು. ಆಮೇಲೆ ಅವನ ಕಡೆಯಿಂದ ಒಂದು ಮಾತೂ ಬರಲಿಲ್ಲ. ಬೇಡ ಎನ್ನುವಷ್ಟು ಸೌಜನ್ಯವೂ ಇಲ್ಲವೇ? ಆಗ ಅವಳು ಎಷ್ಟು ಅತ್ತಿದ್ದಳೋ!

ಇವತ್ತು ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಮರೆವಿನ ಕಾಯಿಲೆಯ ಅಮ್ಮ ಭಾರತಮ್ಮ ನಿನ್ನೆ ಸಂಜೆಯಿಂದ ಕಾಣೆಯಾಗಿದ್ದರು. ಪೊಲೀಸರಿಗೆ ಹೇಳಿಯಾಗಿತ್ತು, ಬಸ್ ಸ್ಟ್ಯಾಂಡೆಲ್ಲ ಹುಡುಕಿಯಾಗಿತ್ತು. ಮುರಳಿ ನಡೆಸುವ ಮಾವು ಬೆಳೆಗಾರರ ಆನ್‌ಲೈನ್ ಬಳಗವನ್ನು ಜಿಲ್ಲೆಯವರೆಲ್ಲ ನೋಡುತ್ತಾರೆಂದು ಬೆಳಗ್ಗೆಯೇ ಅಲ್ಲಿಗೆ ಅಮ್ಮನ ಫೋಟೊ ಕಳಿಸಿದ್ದಳು. ಆದರೆ ಅವನು ಒಪ್ಪಿಗೆ ಕೊಡದೆ ಅಲ್ಲಿ ಯಾವ ಪೋಸ್ಟೂ ಕಾಣಿಸುವುದಿಲ್ಲ.

"ನಾನವತ್ತು ಹಾಗಂದ ಸಿಟ್ಟನ್ನ ನಮ್ಮಮ್ಮನ ಮೇಲೆ ತೀರಿಸ್ಕೊತಿದ್ದೀರಾ?"

"ಅಯ್ಯೋ, ಇಲ್ಲ ಕಣ್ರೀ! ನಾನು ನೋಡೇ ಇಲ್ಲ... ಸೀಸನ್ ಅಲ್ವಾ, ಮಂಡಿ ರೇಟಿನ ಪೋಸ್ಟ್ ಮೊದ್ಲು, ಲಾರಿದು ಆಮೇಲೆ, ಮಿಕ್ಕಿದ್ದೆಲ್ಲ ಕೊನೇಲಿ ನೋಡ್ತೀನಿ."

"ನಮ್ಮಮ್ಮ ಮಿಕ್ಕಿದ್ದಾ?"

ಮುರಳಿ ತಕ್ಷಣ ಅವಳ ಪೋಸ್ಟನ್ನು ಹುಡುಕಿ, ಒಪ್ಪಿಗೆ ಒತ್ತಿ, ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದ.

"ಇನ್ನೇನಾದ್ರೂ ಗುರುತು ಸೇರಿಸ್ಬೇಕಾ?"

"ಅವರಿಗೆ ಕನ್ನಡ ಮರ್ತೋಗಿದೆ. ಚಿಕ್ಕಂದಿನ ತೆಲುಗು ಮಾತ್ರ ಉಳ್ದಿರೋದು. ಭಾರತಮ್ಮ ಅಂದ್ರೆ ತಿರುಗೂ ನೋಡಲ್ಲ. ತವರಲ್ಲಿ ಬುಜ್ಜಮ್ಮ ಅಂತಿದ್ರು, ಹಾಗೆ ಕರೆದ್ರೆ..."

ಮುರಳಿ ತಟ್ಟನೆ ಪಕ್ಕಕ್ಕೆ ಸರಿಸಿದ್ದ ಪೋಸ್ಟ್‌ಗಳನ್ನು ತೆರೆದ.

ಟೇಕಲ್ ರೈಲ್ವೆ ಸ್ಟೇಷನ್ ಹತ್ತಿರ ಟೀ ಅಂಗಡಿ ಇಟ್ಟಿರುವ ಮುನಿಲಕ್ಷ್ಮಿ ಬೆಳಗ್ಗೆ, ಮಂಡಿ ಪೋಸ್ಟ್‌ಗಳು ಶುರುವಾಗುವ ಮುಂಚೆಯೇ, ಒಂದು ಪೋಸ್ಟ್ ಕಳಿಸಿದ್ದಳು. ಯಾರೋ ವಯಸ್ಸಾದವರು ಬಸ್ಸಿಳಿದು ಬಂದು ಕೂತಿದ್ದಾರೆ, ಹೆಸರು ಬುಜ್ಜಮ್ಮ ಅಂತಾರೆ, ಬರೀ ತೆಲುಗು ಎಂದು ಬರೆದಿದ್ದಳು. ಫೋಟೊ ಇಲ್ಲ, ಮಾವಿನ ವಿಷಯವೂ ಅಲ್ಲ ಎಂದು ಮುರಳಿಯೇ ಅದನ್ನು ಪಕ್ಕಕ್ಕೆ ಸರಿಸಿದ್ದ!

"ಬೆಳಗ್ಗೆನೇ... ಬಂದಿತ್ತಾ?" ಅವನ ಫೋನಿನಲ್ಲಿ ಇಣುಕಿ ಅದನ್ನು ಓದಿದ ಆಶಾ ಕೇಳಿದಳು.

ಅವನು ಆಗಲೇ ಫೋನ್ ಮಾಡುತ್ತಿದ್ದ. ಆ ಕಡೆಯಿಂದ ಮುನಿಲಕ್ಷ್ಮಿಯ ಗಾಬರಿ ಕೇಳಿಸಿತು. "ಈಗ್ತಾನೆ ಇಲ್ಲೇ ಇದ್ರಣ್ಣ... ಟೀ ಸೋಸೋ ಅಷ್ಟರಲ್ಲಿ ಎದ್ದೋಗವ್ರೆ! ಹುಡುಕ್ತಾವ್ನಿ!"

ದೇವರೇ... ಪಕ್ಕದಲ್ಲೇ ರೈಲು ಹಳಿ!

ಮುರಳಿಯ ಬೈಕು ಕೋಲಾರ ದಾಟಿ ಓಡುತ್ತಿತ್ತು. ಅವನನ್ನು ಶಪಿಸುತ್ತಲೇ ಆಶಾ ಅವನ ಭುಜವನ್ನು ಬಿಗಿಯಾಗಿ ಹಿಡಿದಿದ್ದಳು. ಹಿಡಿದುಕೊಳ್ಳಲು ಅವಳಿಗೆ ಬೇರೆ ಯಾರಿದ್ದರು?

"ಅಮ್ಮನಿಗೇನಾದ್ರೂ ಆದ್ರೆ ನಿಮ್ಮನ್ನ ಕ್ಷಮಿಸಲ್ಲ."

"ನನ್ನನ್ನ ನಾನೂ ಕ್ಷಮಿಸ್ಕೊಳ್ಳಲ್ಲ ಆಶಾ."

ಅವರು ಟೇಕಲ್ ತಲುಪಿದಾಗಲೂ ಮುನಿಲಕ್ಷ್ಮಿ ಊರೊಳಗೆ ಹುಡುಕುತ್ತಲೇ ಇದ್ದಳು. ಸ್ಟೇಷನ್ನಿನ ಪ್ಲಾಟ್‌ಫಾರಂ ಮುಗಿಯುವಲ್ಲಿ, ಹಳಿಯ ಅಂಚಿನಲ್ಲಿ ಭಾರತಮ್ಮ ನಡೆಯುತ್ತಿದ್ದರು. ದೂರದಲ್ಲಿ ರೈಲು ಕೂಗಿತು.

"ಅಮ್ಮಾ! ಅಮ್ಮಾ..." ಆಶಾ ಚೀರಿದಳು. ಅವರು ತಿರುಗಲಿಲ್ಲ.

"ಬುಜ್ಜಮ್ಮಾ! ಇಕ್ಕಡ ರಾ ತಲ್ಲೀ!" ಇಲ್ಲಿ ಬಾ ತಾಯಿ ಎಂದು ಮುರಳಿ ತೆಲುಗಿನಲ್ಲಿ ಗಂಟಲು ಹರಿಯುವಂತೆ ಕೂಗಿದ.

ಅವರು ನಿಂತರು, ತಿರುಗಿದರು. ಓಡಿಬಂದ ಮುರಳಿ ಅವರ ಕೈ ಹಿಡಿದು ಇತ್ತ ಎಳೆದುಕೊಂಡ. ರೈಲು ಧೂಳೆಬ್ಬಿಸಿ ಹೋಯಿತು. ಆಶಾ ಅಮ್ಮನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಅಳು ನಿಂತ ಮೇಲೆ ಕೇಳಿದಳು. "ಅವತ್ತು ಯಾಕೆ ಏನೂ ಹೇಳ್ಲಿಲ್ಲ?"

"ಅಪ್ಪ ಒಪ್ಪಿರ್ಲಿಲ್ಲ. ಒಪ್ಸಿ ಆಮೇಲೆ ಹೇಳೋಣ ಅಂತ ಸುಮ್ನಿದ್ದೆ. ಕಾಯೋರ ಸಂಕಟ ಏನು ಅಂತ ಯೋಚ್ನೆನೇ ಮಾಡ್ಲಿಲ್ಲ..." ಅವನ ಕಣ್ಣು ತುಂಬಿತ್ತು. "ಇನ್ನು ಅಪ್ಪ ಒಪ್ಲಿ, ಬಿಡ್ಲಿ. ನೀವು ಬೇಕು ನಂಗೆ. ಅಮ್ಮನೂ ಬೇಕು."

ಭಾರತಮ್ಮ ಮಗಳ ಸೆರಗೆಳೆದರು. "ಎವುರೇ ಈ ಅಬ್ಬಾಯಿ?" ಈ ಹುಡುಗ ಯಾರೇ ಎಂದು ಕೇಳಿದರು.

ಆಶಾ ಅವನನ್ನು ನೋಡಿದಳು. ಇಷ್ಟು ಸಿಟ್ಟಿದ್ದರೂ ಯಾಕೆ ಈ ಮನಸ್ಸು ಇವನ ಕಡೆಗೇ ವಾಲುತ್ತದೆ?

"ಮನೋಡೇ ಅಮ್ಮ." ನಮ್ಮವನೇ ಎಂದು ತೆಲುಗಿನಲ್ಲೇ ಹೇಳಿದಳು.

"ಇನ್ನೊಂದ್ಸಲ ಹೇಳಿ ಆಶಾ..."

"ನಮ್ಮಿಬ್ರನ್ನೂ ಮನೆಗೆ ಕರ್ಕೊಂಡೋಗಿ. ಹೇಳ್ತೀನಿ."