ಪೂರ್ತಿ ಹೇಳಬೇಕಾದ ಸುದ್ದಿ

ನಾಗಾರ್ಜುನ ಮತ್ತೆ ಶಿಲ್ಪಶ್ರೀಯ ಕೈಯಿಂದ ಫೋನ್ ಕಿತ್ತುಕೊಂಡ.

"ನನ್ನ ಮಲಯಾಳಂ ಅಷ್ಟೊಂದು ಕೆಟ್ಟದಾಗಿದೆಯೇನ್ರೀ?" ಎಂದು ಅವಳು ಸಿಡುಕಿದಳು. ಅವನು ಫೋನಿಗೆ ಕೈ ಅಡ್ಡ ಹಿಡಿದು ಕಣ್ಣಲ್ಲೇ ಕ್ಷಮೆ ಕೇಳಿದ. ಹಾಳಾದ್ದು, ಆ ಕಣ್ಣಿನ ಮುಂದೆ ಅವಳ ಸಿಟ್ಟು ಯಾವತ್ತೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಗಡಿಯಾಚೆ, ಕೇರಳದ ಟೀ ಎಸ್ಟೇಟೊಂದರ ಮೇಲೆ ಗುಡ್ಡ ಜರಿದಿತ್ತು. ಅಲ್ಲಿಗೆ ಕೂಲಿಗೆ ಹೋದವರಲ್ಲಿ ಮೈಸೂರಿನವರೂ ಇದ್ದರು. ಮೈಸೂರಿನ ವಿಜಯನಗರ ಬಡಾವಣೆಯ ಈ ಮಾನವ ಹಕ್ಕುಗಳ ಸಂಸ್ಥೆಯಲ್ಲಿ ಇಬ್ಬರದೂ ಒಂದೇ ಕೆಲಸ. ಅಲ್ಲಿನ ಆಸ್ಪತ್ರೆಯವರು ಮಲಯಾಳಂನಲ್ಲಿ ಹೇಳಿದ್ದನ್ನು ಇಲ್ಲಿನ ಮನೆಯವರಿಗೆ ಕೂಡಲೇ, ಒಂದು ಮಾತೂ ಬಿಡದೆ, ಕನ್ನಡದಲ್ಲಿ ತಿಳಿಸಬೇಕು. ಅವಳು ಕೋಝಿಕ್ಕೋಡಿನಲ್ಲಿ ನರ್ಸಿಂಗ್ ಓದಿದವಳು. ಅವನು ಗಡಿಯಾಚೆಯ ಬತ್ತೇರಿಯಲ್ಲಿ ಬೆಳೆದವನು. ಅವಳ ಕಾಫಿಗೆ ಸಕ್ಕರೆ ಹಾಕಬಾರದು ಎನ್ನುವುದು ಕೇಳದೆಯೇ ಅವನಿಗೆ ಗೊತ್ತಾಗಿತ್ತು. ಸಾವಿನ ಸುದ್ದಿಗಳ ನಡುವೆ ಪ್ರೀತಿ ಹುಟ್ಟಿತಲ್ಲ ಎಂದು ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೂ ಹುಟ್ಟಿತ್ತು.

ಹೊರಗಿನ ಬೆಂಚಿನ ಮೇಲೆ ಉದಯಗಿರಿಯ ತಿಮ್ಮಮ್ಮ ಬೆಳಗಿನಿಂದ ಕೂತಿದ್ದರು. ಎಸ್ಟೇಟಿನಲ್ಲಿದ್ದ ಮಗಳು ಬಿಂದುವಿನ ಸುಳಿವೇ ಇಲ್ಲ. "ಇನ್ನೂ ಹುಡುಕ್ತಿದಾರೆ ಅಮ್ಮ" ಎಂದು ನಾಗಾರ್ಜುನ ಆಗಾಗ ಹೋಗಿ ಹೇಳಿ ಬರುತ್ತಿದ್ದ.

ಅವನು ಊಟಕ್ಕೆ ಹೋದಾಗ ಫೋನ್ ಬಂತು. ಆ ಕಡೆಯ ನರ್ಸ್ ರೇಗಿದ್ದಳು. ಬಿಂದುವಿನ ಶವವನ್ನು ಜೊತೆಯ ಕೂಲಿಯವರು ಗುರುತು ಹಿಡಿದರು, ತೋಳಿನ ಮೇಲೆ ತಾಯಿಯ ಹೆಸರಿನ ಹಚ್ಚೆ ಇದೆ, ಇದನ್ನೆಲ್ಲ ಬೆಳಿಗ್ಗೆಯೇ ತಿಳಿಸಿದ್ದೆವಲ್ಲ, ಯಾಕೆ ಯಾರೂ ಬಂದಿಲ್ಲ? ಕತ್ತಲಾಗುವುದರೊಳಗೆ ಬರದಿದ್ದರೆ ದಿಕ್ಕಿಲ್ಲದವರ ಜೊತೆ ಅವಳನ್ನೂ ಮಣ್ಣು ಮಾಡುತ್ತೇವೆ ಎಂದಳು.

ನಾಗಾರ್ಜುನ ಬಂದಾಗ ಶಿಲ್ಪಶ್ರೀ ಬಾಗಿಲಲ್ಲೇ ಅಡ್ಡ ನಿಂತಳು.

"ಬಿಂದು ವಿಷಯ ಬೆಳಿಗ್ಗೆನೇ ಗೊತ್ತಿತ್ತಾ ನಿಮಗೆ?"

ಅವನ ಮುಖ ಬಿಳಿಚಿಕೊಂಡಿತು. "ಹೇಳೋಕಂತ ಬೆಂಚಿನ ತನಕ ಹೋದೆ. ಆಗ್ಲಿಲ್ಲ ಕಣ್ರೀ. ನಿಮ್ಮ ಕೈಲಿ ಹೇಳ್ಸೋಕೂ ಮನಸ್ಸು ಬರ್ಲಿಲ್ಲ. ಫೋನ್ ಕಿತ್ಕೊಳ್ತಿದ್ದಿದ್ದೂ ಅದಕ್ಕೇ. ಇಂಥಾ ಮಾತೆಲ್ಲ ನಿಮ್ಮ ಬಾಯಲ್ಲಿ ಬರ್ಬಾರ್ದು ಅನ್ಸೋದು." ಅವನು ತಲೆ ತಗ್ಗಿಸಿದ. "ನೀವಂದ್ರೆ ನಂಗೆ ಜೀವ."

ಎಷ್ಟು ದಿನದಿಂದ ಕಾದಿದ್ದ ಮಾತು, ಬರಬಾರದ ಹೊತ್ತಲ್ಲಿ ಬಂತು. ಅವಳಿಗೆ ಅಳಬೇಕೋ ಅವನಿಗೆ ಎರಡು ಬಾರಿಸಬೇಕೋ ತಿಳಿಯಲಿಲ್ಲ.

"ಅದು ಆ ತಾಯಿಗೆ ಸೇರಿದ ಸುದ್ದಿ. ಬಚ್ಚಿಟ್ಕೊಳ್ಳೋಕೆ ನೀವ್ಯಾರು?" ಎಂದಳು. "ನಂಗೂ ನಿಮ್ಮನ್ನ ಕಂಡ್ರೆ ಇಷ್ಟ. ಆದ್ರೆ ಹೀಗೆ ಮುಚ್ಚಿಡೋರ ಜೊತೆ ನಾನು ಬಾಳೋಕಾಗಲ್ಲ. ಹೋಗಿ ಜೀಪ್ ತೆಗೀರಿ."

ಬೆಂಚಿನ ಮೇಲೆ ತಿಮ್ಮಮ್ಮನ ಪಕ್ಕ ಕೂತು, ಒರಟು ಅಂಗೈ ಹಿಡಿದುಕೊಂಡು, ಹಚ್ಚೆಯ ವಿಷಯವನ್ನೂ ಬಿಡದೆ ಹೇಳಿದಳು. ಬೆಳಿಗ್ಗೆಯೇ ಸುದ್ದಿ ಬಂದಿತ್ತು ಎಂಬುದನ್ನೂ ಹೇಳಿದಳು.

"ನಡಿಯವ್ವ, ಹೋಗವ," ಎಂದು ತಿಮ್ಮಮ್ಮ ಗೋಡೆ ಹಿಡಿದು ಎದ್ದರು.

ಮೂವರೂ ಬೆಳಕಿರುವಾಗಲೇ ಆಸ್ಪತ್ರೆ ತಲುಪಿದರು. ತಿಮ್ಮಮ್ಮ ಮಗಳ ತೋಳು ಸವರಿದರು, ಹಚ್ಚೆಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದರು. ಮಗಳನ್ನು ಅಲ್ಲೇ ಹೂಳಿ ಗುಂಡಿ ಮುಚ್ಚಿದ ಮೇಲೆ ನಾಗಾರ್ಜುನನ ಕಡೆ ತಿರುಗಿದರು.

"ಗುಡ್ಡ ಬೀಳೋಕ್ ಮುಂಚೆ ಯಾರೂ ಹೇಳ್ನಿಲ್ವಾ ಸ್ವಾಮಿ?"

ಹೇಳಿದ್ದರು. ಅದು ಫೋನಿನಲ್ಲಿ ಕೇಳಿ ಇಬ್ಬರಿಗೂ ಗೊತ್ತಿತ್ತು. ಶಿಲ್ಪಶ್ರೀ ಅವನ ಮುಖವನ್ನೇ ನೋಡಿದಳು. ಇಲ್ಲ ಎಂದುಬಿಡುವುದು ಅವನಿಗೆ ಎಷ್ಟು ಸುಲಭವಿತ್ತು!

"ಹೇಳಿದ್ರು ಅಮ್ಮ," ಎಂದ ನಾಗಾರ್ಜುನ. "ಹಿಂದಿನ ಸಂಜೆನೇ ಮೈಕಲ್ಲಿ ಕೂಗಿದ್ರು. ಮನೆ ಬಿಟ್ಟು ಹೊರಡಿ ಅಂತ. ಆದ್ರೆ..."

ಶಿಲ್ಪಶ್ರೀ ಎಲ್ಲರೆದುರೇ ಅವನ ಕೈ ಹಿಡಿದುಕೊಂಡಳು. "ಬರೀ ಮಲಯಾಳಂನಲ್ಲಿ ಕೂಗಿದ್ರು ಅಮ್ಮ," ಎಂದು ಉಳಿದದ್ದನ್ನು ಅವಳು ಹೇಳಿದಳು.

ತಿಮ್ಮಮ್ಮ ಹಸಿ ಮಣ್ಣಿನ ಪಕ್ಕ ಕುಕ್ಕರಿಸಿದರು. "ಕನ್ನಡದಲ್ಲಿ ಒಬ್ರು ಕೂಗಿದ್ರೆ ಎದ್ದು ಬಂದ್ಬುಡೋಳು ನನ್ ಮಗಳು" ಎಂದರು.