ಕುಂದೂರಿಗೆ ಬಾರದ ಗಣಿತ

ಟ್ರಂಕಿನ ಮುಚ್ಚಳ ಎತ್ತಿದ ಮಹೇಶ ಮೇಷ್ಟ್ರು ಹಾಗೇ ನಿಂತುಬಿಟ್ಟರು.

ವಿಜ್ಞಾನದ ಕ್ಯಾಸೆಟ್‌ಗಳಿವೆ. ಕನ್ನಡದವೂ ಇವೆ. ಆದರೆ ಎಡಗಡೆ, ಗಣಿತದ ಕ್ಯಾಸೆಟ್‌ಗಳು ಇರಬೇಕಾದ ಜಾಗದಲ್ಲಿ — ಹುಲ್ಲು! ಒತ್ತಿ ಒತ್ತಿ ತುಂಬಿದ ಒಣಹುಲ್ಲು.

"ಸಾ, ಟಿವಿ ಹಾಕನಾ?" ಹಿಂದಿನಿಂದ ಮಾನಸಾ ಕೇಳಿದಳು.

"ತಾಳಮ್ಮ..." ಎಂದರು ಮೇಷ್ಟ್ರು.

ಅದು ೧೯೯೯ರ ಆಗಸ್ಟ್. ಎಸ್ಸೆಸ್ಸೆಲ್ಸಿ ಫೇಲಾಗಿ ಮನೆ ಸೇರಿದ್ದ ಹೆಣ್ಣುಮಕ್ಕಳಿಗೆಂದು ಸಕಲೇಶಪುರ, ಮಗ್ಗೆ, ಕುಂದೂರುಗಳಲ್ಲಿ ಒಂದೊಂದು ದೂರಶಿಕ್ಷಣ ಕೇಂದ್ರ ನಡೆಯುತ್ತಿತ್ತು. ಟಿವಿ, ವಿಸಿಆರ್ ಮೂರು ಕಡೆಯೂ ಉಂಟು. ಪಾಠದ ಕ್ಯಾಸೆಟ್ ಮಾತ್ರ ಮೂರಕ್ಕೂ ಸೇರಿ ಒಂದೇ ಸೆಟ್! ಹಾಗಾಗಿ ಕಬ್ಬಿಣದ ಟ್ರಂಕೊಂದು ಕೆಂಪು ಬಸ್ಸಿನಲ್ಲಿ ಸಕಲೇಶಪುರದಿಂದ ಮಗ್ಗೆಗೆ, ಮಗ್ಗೆಯಿಂದ ಕುಂದೂರಿಗೆ, ಮತ್ತೆ ಸಕಲೇಶಪುರಕ್ಕೆ, ವಾರಕ್ಕೊಂದು ಊರಿನಂತೆ ನೆಂಟರ ಮನೆ ಸುತ್ತುತ್ತಿತ್ತು.

ಮರುಪರೀಕ್ಷೆಗೆ ಉಳಿದದ್ದು ಕೆಲವೇ ವಾರ. ಅದಕ್ಕಿಂತ ಮೊದಲು, ಇದೇ ಶನಿವಾರ, ಹಾಸನದಿಂದ ಅಧಿಕಾರಿಗಳು ಕುಂದೂರಿಗೆ ತಪಾಸಣೆಗೆ ಬರುವವರಿದ್ದರು. ಬೇಸಿಗೆಯಲ್ಲಿ ಇಲ್ಲಿನ ವಿಸಿಆರ್ ಒಂದು ಕ್ಯಾಸೆಟ್ಟನ್ನು ಅಗಿದು ಹಾಕಿತ್ತು. "ಇನ್ನೊಂದು ಹಾಳಾದರೆ ಕೇಂದ್ರ ಮುಚ್ಚಿ, ಟಿವಿ ವಾಪಸ್ ತರಿಸ್ತೀವಿ" ಎಂದು ಅವರು ಆಗಲೇ ಹೇಳಿಯಾಗಿತ್ತು. ಕೇಂದ್ರ ಮುಚ್ಚಿದರೆ ಮಾನಸಾಳ ಓದೂ ಮುಚ್ಚಿದಂತೆ. "ಇದೊಂದು ಸಲ ನೋಡು ಮಗಳೇ, ಇಲ್ಲಾಂದ್ರೆ ಸುಮ್ನೆ ಮನೇಲಿರು" ಎಂದು ಅವಳಪ್ಪ ಸೋಮಯ್ಯ ಮೇಷ್ಟ್ರ ಎದುರಿಗೇ ಹೇಳಿದ್ದ. ಉಳಿದೆಲ್ಲದರಲ್ಲೂ ಪಾಸು, ಗಣಿತವೊಂದೇ ಅವಳಿಗೆ ಗಂಟುಬಿದ್ದದ್ದು.

ಮೇಷ್ಟ್ರು ಮಕ್ಕಳಿಗೆ ವಿಜ್ಞಾನದ ಪಾಠ ಹಾಕಿಕೊಟ್ಟು ಎಸ್‌ಟಿಡಿ ಬೂತಿಗೆ ಓಡಿದರು.

ಮಧ್ಯಾಹ್ನದ ಬಸ್ಸಿಗೆ ರಾಜಲಕ್ಷ್ಮಮ್ಮ ಇಳಿದರು. ಸಕಲೇಶಪುರ ಕೇಂದ್ರದ ಮೇಡಂ, ಮೂರೂ ಕೇಂದ್ರಗಳ ಸಂಯೋಜಕಿ. ಕೈಯಲ್ಲಿ ಕೊಡೆ, ದವಡೆಯಲ್ಲಿ ಏಲಕ್ಕಿ. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದು ಹಿಡಿದು, ದೊಡ್ಡವರ ಸುಳ್ಳು ಅವರಿಗೆ ಯಾವ ಲೆಕ್ಕವೂ ಆಗಿರಲಿಲ್ಲ.

"ಬೀಗ ಒಡೆದಿತ್ತೇನೋ?"

"ಇಲ್ಲ ಮೇಡಂ. ಒಂದು ಗೀರೂ ಇಲ್ಲ."

"ಬೀಗದ ಕೈ?"

"ನಿಮ್ಮ ಹತ್ರ ಒಂದು, ನನ್ನ ಹತ್ರ ಒಂದು, ಮಗ್ಗೆ ಕಲ್ಯಾಣಮ್ಮ ಟೀಚರ್ ಹತ್ರ ಒಂದು."

"ಸರಿ ಹೋಯ್ತು. ಕಳ್ಳರು ಮೂರೇ ಜನ, ಅದರಲ್ಲಿ ನಾನೂ ಒಬ್ಬಳು," ಎಂದು ರಾಜಲಕ್ಷ್ಮಮ್ಮ ಬೆಂಚಿನ ಮೇಲೆ ಕೂತರು. "ನಿನಗೆ ಯಾರ ಮೇಲೆ ಅನುಮಾನ? ಬಾಯಿಬಿಟ್ಟು ಹೇಳು."

"ಆಲೂರಿನ ವಿಡಿಯೋ ಅಂಗಡಿ ದೇವೇಂದ್ರ!" ಮೇಷ್ಟ್ರು ಕಾದವರಂತೆ ಹೇಳಿದರು. "ಹೋದ ಸರದೀಲಿ ವಿಸಿಆರ್ ರಿಪೇರಿಗೆ ಬಂದಿದ್ದ. 'ಹಳೇ ಕ್ಯಾಸೆಟ್ ಇದ್ರೆ ಕೊಡಿ ಸಾ, ಮದುವೆ ರೆಕಾರ್ಡ್ ಮಾಡಕ್ಕೆ ಬೇಕು' ಅಂದ. ಬೀಗದ ಕೈ ಅವತ್ತು ಮೇಜಿನ ಮೇಲೇ ಇತ್ತು. ನಕಲು ಮಾಡಿಸಿರಬಹುದಲ್ವಾ?"

"ಮಾಡಿಸಿರಬಹುದು. ಅದಿರಲಿ, ಹೋದ ಸರದೀಲಿ ಕ್ಯಾಸೆಟ್ ಹೇಗೆ ಕಳಿಸಿದ್ದೆ?"

"ಕಣ್ಣಿಗೆ ರೆಪ್ಪೆ ಥರ ನೋಡ್ಕೊಂಡಿದ್ದೆ ಮೇಡಂ! ಮಳೆ ಹಿಡಿದಿತ್ತಲ್ಲ, ಗಣಿತದ್ದನ್ನ ಒಂದೊಂದೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ ಕಳಿಸ್ದೆ."

"ಗಣಿತದ್ದು ಮಾತ್ರ?"

"ಕವರು ಅಷ್ಟೇ ಸಿಕ್ಕಿದ್ದು. ನಿಮ್ಮಲ್ಲಿಗೆ ಬಂದಾಗ ಇದ್ವು ತಾನೇ?"

"ಯಾರಿಗೆ ಗೊತ್ತು? ನಮ್ಮಲ್ಲಿ ಆ ವಾರ ಪೂರ್ತಿ ಮಳೆ ರಜೆ ಕೊಟ್ಟುಬಿಟ್ಟರು. ಟ್ರಂಕು ತೆಗೀದೇ ಹಾಗೇ ಮಗ್ಗೆ ಬಸ್ಸಿಗೆ ಹಾಕಿದೆ." ಏಲಕ್ಕಿಯನ್ನು ಆ ದವಡೆಯಿಂದ ಈ ದವಡೆಗೆ ತಳ್ಳಿದರು. "ಅಂದಹಾಗೆ, ಪಟ್ಟಿ ಪ್ರಕಾರ ಈ ವಾರ ಕುಂದೂರಿಗೆ ವಿಜ್ಞಾನ ಅಲ್ವಾ?"

"ಹೌದು ಮೇಡಂ. ಪರೀಕ್ಷೆ ಹತ್ರ ಬಂತು, ಹುಡುಗೀರು ಗಣಿತ ಗಣಿತ ಅಂತ ಜೀವ ತಿಂದ್ರು, ಬದಲಾಯಿಸ್ದೆ. ನಿಮಗೆ ಫೋನ್ ಮಾಡಿ ಹೇಳಿದ್ನಲ್ಲ?"

"ನನಗೆ ಹೇಳಿದ್ದೆ," ಎಂದರು ರಾಜಲಕ್ಷ್ಮಮ್ಮ. ಎದ್ದು ಟ್ರಂಕಿನಿಂದ ಒಂದು ಹಿಡಿ ಹುಲ್ಲು ತೆಗೆದು, ಬೆಳಕಿಗೆ ಹಿಡಿದು ನೋಡಿ, ತಮ್ಮ ಚೀಲಕ್ಕೆ ಹಾಕಿಕೊಂಡರು.

"ಅದ್ಯಾಕೆ ಮೇಡಂ? ಬರೀ ಹುಲ್ಲು."

"ನೀನು ಪೇಟೇಲಿ ಕಿರಾಣಿ ಅಂಗಡಿ ಮನೇಲಿ ಬೆಳೆದೋನು. ನಿನಗೆ ಎಲ್ಲಾ ಬರೀ ಹುಲ್ಲೇ. ನಡಿ, ಬಸ್ ಬಂತು."

ಮಗ್ಗೆಯಿಂದ ಟ್ರಂಕು ತಂದ ಕಂಡಕ್ಟರ್ ದ್ಯಾವಯ್ಯನೇ ಆ ಬಸ್ಸಿನಲ್ಲೂ ಇದ್ದ. ವಿಷಯ ಕೇಳಿ ಎದೆ ಮುಟ್ಟಿಕೊಂಡ.

"ಅಯ್ಯೋ, ನಾನ್ಯಾಕೆ ಮುಟ್ಲಿ ಮೇಡಮ್ಮೋರೆ! ಡ್ರೈವರ್ ಹಿಂದ್ಗಡೆ ಸೀಟಿನ ಕೆಳಗೇ ಇಟ್ಕಂಡಿದ್ದೆ. ಮೇಲೆ ಕೋಳಿ ಪುಟ್ಟಿ ಇಡಕ್ಕೂ ಬುಡ್ಲಿಲ್ಲ."

"ದಾರೀಲಿ ಎಲ್ಲಾದ್ರೂ ಇಳಿಸಿದ್ಯಾ?"

"ಎಲ್ಲೂ ಇಲ್ಲ ಕಣ್ರಮ್ಮ."

"ಗುಂಡಿಗೆ ಬಿದ್ದಾಗ ಒಳಗೆ ಗಡಗಡ ಅಂತಾ?"

ದ್ಯಾವಯ್ಯ ಯೋಚಿಸಿದ. "ಇಲ್ಲ ಕಣ್ರಮ್ಮ. ಯಾವಾಗ್ಲೂ ಗಡಗಡ ಅಂತಿತ್ತು, ಈ ಸಲ ತೆಪ್ಪಗಿತ್ತು. ಮಗ್ಗೇಲಿ ಟೀಚರಮ್ಮನೇ ತಂದು ಹತ್ಸಿ, 'ಜೋಪಾನ ಕಣಪ್ಪ ದ್ಯಾವಯ್ಯ' ಅಂದ್ರು. ನನ್ನ ಬಸ್ಸಲ್ಲಿ ಏನೇನು ಹೊರ್ಬೇಕು ಹೇಳಿ! ಬಾಳೆಗೊನೆ, ಆಲೂಗೆಡ್ಡೆ ಮೂಟೆ, ಹೋದ ತಿಂಗಳು ಆ ಟೀಚರಮ್ಮನ ತವರಿಂದ ಬಂದ ಹುಲ್ಲಿನ ಹೊರೆ... ಅವ್ರ ಹಸೂಗೆ ಅರಸೀಕೆರೆ ಕಡೆ ಹುಲ್ಲೇ ಆಗ್ಬೇಕಂತೆ ಮಾರಾಯ್ರೇ! ಟಿಕೆಟ್... ಟಿಕೆಟ್..."

ಆಲೂರಿನಲ್ಲಿ ದೇವೇಂದ್ರ ಅಂಗಡಿ ಬಾಗಿಲಲ್ಲೇ ನಿಂತಿದ್ದ. ಇವರನ್ನು ಕಂಡದ್ದೇ ಹಿಂದಿನ ಕೋಣೆಯ ಪರದೆ ಎಳೆದ. ಮಹೇಶ ಮೇಷ್ಟ್ರು ರಾಜಲಕ್ಷ್ಮಮ್ಮನವರ ಮೊಣಕೈ ತಿವಿದರು — ನೋಡಿದ್ರಾ?

"ದೇವೇಂದ್ರ, ನಮ್ಮ ಗಣಿತದ ಕ್ಯಾಸೆಟ್ ಎಲ್ಲಿ?" ಮೇಷ್ಟ್ರೇ ಮುನ್ನುಗ್ಗಿದರು.

"ನಾನು ಯಾರ ಕ್ಯಾಸೆಟ್ಟೂ ಕದ್ದಿಲ್ಲ ಸಾ."

"ಕದ್ದಿಲ್ಲ ಅಂದ್ರೆ? ಎಲ್ಲಿವೆ ಅಂತ ಗೊತ್ತಾ?"

"ಕದ್ದಿಲ್ಲ ಅಂತ ಅಷ್ಟೇ ಹೇಳ್ತೀನಿ. ಜಾಸ್ತಿ ಕೇಳ್ಬೇಡಿ, ಮಾತು ಕೊಟ್ಬುಟ್ಟಿದೀನಿ."

"ಯಾರಿಗೆ?"

ದೇವೇಂದ್ರ ಪರದೆಗೆ ಅಡ್ಡವಾಗಿ ನಿಂತ. ಮೇಷ್ಟ್ರಿಗೆ ರೇಗಿಹೋಯಿತು. "ಪೊಲೀಸಿಗೆ ಹೇಳ್ತೀನಿ ನೋಡು!" ಎಂದರು.

ರಾಜಲಕ್ಷ್ಮಮ್ಮ ಕೈ ಅಡ್ಡ ಹಿಡಿದರು. "ಮಾತು ಕೊಟ್ಟಿದ್ರೆ ಉಳಿಸ್ಕೊಳಪ್ಪ. ಒಂದೇ ಕೇಳ್ತೀನಿ. ಹೋದ ವರ್ಷ ಕುಂದೂರು ಕೇಂದ್ರದಲ್ಲಿ ಪಾಸಾದ ನವ್ಯಶ್ರೀ ನಿನಗೇನಾಗಬೇಕು?"

"ನನ್ನ ತಂಗಿ ಮೇಡಂ." ಅವನ ಮುಖ ಒಮ್ಮೆಲೇ ಅರಳಿತು. "ಈಗ ಹಾಸನದಲ್ಲಿ ಪಿಯುಸಿ ಓದ್ತಾ ಅವ್ಳೆ. ಆ ಕೇಂದ್ರಕ್ಕೆ ಕೇಡಾಗೋ ಕೆಲ್ಸ ನಾನು ಮಾಡ್ತೀನಾ?"

"ಇಲ್ಲಪ್ಪ, ಮಾಡಲ್ಲ," ಎಂದು ರಾಜಲಕ್ಷ್ಮಮ್ಮ ಕೊಡೆ ಬಿಚ್ಚಿದರು.

ಮಗ್ಗೆಯಲ್ಲಿ ಕಲ್ಯಾಣಮ್ಮ ಟೀಚರ್ ಹಣೆ ತುಂಬ ವಿಭೂತಿ, ಮುಖ ತುಂಬ ನಗು ಹೊತ್ತು ಎದುರು ಬಂದರು. ಸುದ್ದಿ ಕೇಳಿ "ಅಯ್ಯೋ ಶಿವನೇ!" ಎಂದರು. ನಗು ಮಾಯವಾಯಿತು. ಸಕ್ಕರೆ ಹಾಕುವುದನ್ನೇ ಮರೆತು ಕಾಫಿ ತಂದುಕೊಟ್ಟರು. ಪಾಪ, ಎಷ್ಟು ನೊಂದುಕೊಂಡರು ಎಂದು ಮಹೇಶ ಮೇಷ್ಟ್ರಿಗೇ ಕನಿಕರವಾಯಿತು.

"ನಿಮ್ಮ ಹಸು ನೋಡೋಣ ಬನ್ನಿ ಕಲ್ಯಾಣಮ್ಮ," ಎಂದರು ರಾಜಲಕ್ಷ್ಮಮ್ಮ.

"ಈಗ ಹಸುವಾ ಮೇಡಂ?" ಮೇಷ್ಟ್ರು ಕಕ್ಕಾಬಿಕ್ಕಿಯಾದರು.

ಕೊಟ್ಟಿಗೆಯಲ್ಲಿ ಕೆಂಪಿ ಮೆಲುಕು ಹಾಕುತ್ತ ನಿಂತಿತ್ತು. ರಾಜಲಕ್ಷ್ಮಮ್ಮ ಪಕ್ಕದ ಮನೆಯ ಬಣವೆಯಿಂದ ಒಂದು ಹಿಡಿ ಭತ್ತದ ಹುಲ್ಲು ಕಿತ್ತು ಅದರ ಮುಂದೆ ಹಿಡಿದರು. ಕೆಂಪಿ ಮೂಸಿತು. ಫೂ ಎಂದು ಉಸಿರು ಬಿಟ್ಟು ಮುಖ ತಿರುಗಿಸಿತು. ಆಮೇಲೆ ಚೀಲದಿಂದ ಟ್ರಂಕಿನ ಹುಲ್ಲು ತೆಗೆದು ಹಿಡಿದರು. ಕೆಂಪಿ ನಾಲಗೆ ಚಾಚಿ ಎಳೆದುಕೊಂಡು ಅಷ್ಟನ್ನೂ ತಿಂದುಬಿಟ್ಟಿತು.

ಕಲ್ಯಾಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಮಹೇಶ, ನಿನ್ನ ಕಳ್ಳಿ ಇವರೇ," ಎಂದರು ರಾಜಲಕ್ಷ್ಮಮ್ಮ.

"ಟೀಚರ್ರಾ? ಮೇಡಂ, ಏನಂತೀರಿ!"

"ಕೇಳು. ಮೊದಲನೇದು, ಟ್ರಂಕು ಗಡಗಡ ಅನ್ಲಿಲ್ಲ. ಯಾವ ಕಳ್ಳ ತಾನು ಬಿಟ್ಟು ಹೋಗೋ ಕ್ಯಾಸೆಟ್‌ಗಳು ಒಂದಕ್ಕೊಂದು ಬಡೀದೇ ಇರಲಿ ಅಂತ ಹುಲ್ಲು ತುಂಬ್ತಾನೆ? ಇದು ಕ್ಯಾಸೆಟ್ ಮೇಲೆ ಪ್ರೀತಿ ಇರೋರ ಕೈ. ಎರಡನೇದು, ಪಟ್ಟಿ ಪ್ರಕಾರ ಈ ವಾರ ನಿಮಗೆ ಬೇಡದ ಪಾಠವೇ ಕಾಣೆಯಾಗಿತ್ತು. ನೀನು ವಿಜ್ಞಾನ ಬಿಟ್ಟು ಗಣಿತ ಹಾಕ್ತೀಯ ಅಂತ ಗೊತ್ತಿದ್ರೆ ಅವರು ಮುಟ್ತಿರಲಿಲ್ಲ. ಬದಲಾಯಿಸಿದ್ದನ್ನ ನನಗೆ ಹೇಳಿದೆ. ಮಗ್ಗೆಗೆ ಹೇಳಿದ್ಯಾ?"

ಮೇಷ್ಟ್ರು ತಲೆ ಕೆರೆದುಕೊಂಡರು. "ಇಲ್ಲ..."

"ನಾನೂ ಹೇಳಲಿಲ್ಲ. ನನ್ನ ಕೆಲಸವೇ ಅದು, ನೋಡು! ಬೀಗದ ಕೈ ಇದ್ದು, ಬದಲಾದ ವಿಷಯ ಗೊತ್ತಿಲ್ಲದೋರು ಒಬ್ಬರೇ. ಇನ್ನು ಹುಲ್ಲು — ಅದು ಭತ್ತದ್ದಲ್ಲ ಕಣೋ. ಮುಷ್ಟಿ ಮಡಚಿದ ಹಾಗಿರೋ ತೆನೆ ಚೂರು ಅದರಲ್ಲೇ ಇತ್ತು. ರಾಗಿ ಹುಲ್ಲು! ನಿನ್ನ ಕಣ್ಣೆದುರಿಗೇ ಇತ್ತು, ನೀನು ನೋಡಲಿಲ್ಲ. ಈ ಕಡೆ ಬೇರೆ ಯಾರ ಮನೇಲೂ ಇಲ್ಲ ಅಂತಲ್ಲ. ಆದರೆ ನಮ್ಮ ಮೂವರಲ್ಲಿ ಅದನ್ನ ತವರಿಂದ ಬಸ್ಸಿನ ಮೇಲೆ ಹಾಕಿಸ್ಕೊಂಡು ಬರೋರು ಯಾರು? ನನ್ನ ಮನೇಲಿ ಹಸು ಇಲ್ಲ, ನಿನಗೆ ಹುಲ್ಲೇ ಗೊತ್ತಿಲ್ಲ."

"ಆದ್ರೆ ಯಾಕೆ?" ಮೇಷ್ಟ್ರು ಕಲ್ಯಾಣಮ್ಮನ ಕಡೆ ತಿರುಗಿದರು. "ಯಾಕೆ ಟೀಚರ್?"

ಕಲ್ಯಾಣಮ್ಮ ನೆಲ ನೋಡುತ್ತ ಕೆಂಪಿಯ ಕೊರಳು ಸವರಿದರು.

"ಅದನ್ನೂ ನಾನೇ ಹೇಳ್ತೀನಿ. ನಿನ್ನ ಜೋಪಾನದಿಂದ ಕಣಪ್ಪ! ತೇವದ ಗಾಳಿ ಸಮೇತ ಕವರಿನ ಬಾಯಿ ಕಟ್ಟಿ ಕಳಿಸ್ದೆ. ನಮ್ಮಲ್ಲಿ ವಾರ ಪೂರ್ತಿ ಹಾಗೇ ಕೂತಿತ್ತು. ಇವರು ತೆಗೆದಾಗ..."

"ಬಿಳೀ ಬೂಷ್ಟು," ಎಂದರು ಕಲ್ಯಾಣಮ್ಮ ಮೆಲ್ಲಗೆ. "ಟೇಪಿನ ಅಂಚಿಗೆಲ್ಲ ಹಿಡಿದುಬಿಟ್ಟಿತ್ತು ಮೇಷ್ಟ್ರೇ. ಹಾಗೇ ಹಾಕಿದ್ರೆ ಕ್ಯಾಸೆಟ್ಟೂ ಹೋಗ್ತಿತ್ತು, ವಿಸಿಆರೂ ಹೋಗ್ತಿತ್ತು. ಮೇಡಂಗೆ ಹೇಳಿದ್ರೆ ಅವರು ಮೇಲಕ್ಕೆ ಹೇಳಲೇಬೇಕು. ಹೇಳಿದ್ರೆ ಕುಂದೂರು ಮುಚ್ತಾರೆ. ನಿಮಗೆ ಹೇಳಿದ್ರೆ ನೀವು ಊಟ ನಿದ್ದೆ ಬಿಟ್ಟು ಕೂರ್ತಿದ್ರಿ. ಈ ವಾರ ನಿಮಗೆ ವಿಜ್ಞಾನ ಅಲ್ವಾ, ಶನಿವಾರದೊಳಗೆ ಸರಿಮಾಡ್ಸಿ ಸದ್ದಿಲ್ಲದೆ ಟ್ರಂಕಿಗೆ ಸೇರಿಸೋಣ ಅಂದ್ಕೊಂಡೆ. ದೇವೇಂದ್ರನ ಕಾಲು ಹಿಡಿಯೋದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಒಂದೊಂದನ್ನೂ ಬಿಚ್ಚಿ, ಒರೆಸಿ, ಸುತ್ತಿ ಕೊಡ್ತಾ ಇದಾನೆ ಪುಣ್ಯಾತ್ಮ. ಯಾರಿಗೂ ಹೇಳಬೇಡ ಅಂತ ಮಾತು ತಗೊಂಡಿದ್ದೆ."

ಮಹೇಶ ಮೇಷ್ಟ್ರು ಬೆಳಗಿನಿಂದ ಯಾರನ್ನು ಜೈಲಿಗೆ ಕಳಿಸಬೇಕೆಂದು ಲೆಕ್ಕ ಹಾಕಿದ್ದರೋ, ಅವರೇ ತಮ್ಮ ಕೇಂದ್ರವನ್ನು ಉಳಿಸುತ್ತಿದ್ದರು! ಕಣ್ಣು ತುಂಬಿ ಬಂತು. ಎರಡೂ ಕೈ ಜೋಡಿಸಿದರು.

"ಟೀಚರ್, ನಿಮ್ಮ ಋಣ ನಾನು ಹೇಗೆ ತೀರಿಸ್ಲಿ?"

"ಮೊದಲು ಕವರು ಕಟ್ಟೋದು ನಿಲ್ಸಿ," ಎಂದರು ಕಲ್ಯಾಣಮ್ಮ. ಮೂವರೂ ಅಳುನಗುವಿನಲ್ಲಿ ನಕ್ಕರು.

"ಮುಚ್ಚಿಡೋದು ಮಾತ್ರ ಬೇಡ," ಎಂದರು ರಾಜಲಕ್ಷ್ಮಮ್ಮ. "ಶನಿವಾರ ನಾನೇ ಕುಂದೂರಿಗೆ ಬಂದು ಅಧಿಕಾರಿಗಳ ಎದುರಿಗೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಮಳೆಗಾಲದಲ್ಲಿ ಒಂದೇ ಟ್ರಂಕು ಮೂರು ಊರು ಸುತ್ತಿದ್ರೆ ಬೂಷ್ಟು ಹಿಡೀದೆ ಇನ್ನೇನಾಗುತ್ತೆ? ಬೈಯೋದಿದ್ರೆ ನನಗೆ ಬೈಲಿ. ಇನ್ನೊಂದು ಸೆಟ್ ಕೇಳದೇ ಬಿಡಲ್ಲ."

ವಾಪಸು ಬರುವಾಗ ಮೇಷ್ಟ್ರು ಆಲೂರಿನಲ್ಲಿ ಇಳಿದು ದೇವೇಂದ್ರನ ಕೈ ಹಿಡಿದುಕೊಂಡರು. "ತಪ್ಪಾಯ್ತು ಕಣಪ್ಪ," ಎಂದರು.

"ಬುಡಿ ಸಾ," ಎಂದು ಅವನು ಪರದೆ ಸರಿಸಿದ. ಕೋಣೆಯಲ್ಲಿ ಒರೆಸಿಟ್ಟ ಕ್ಯಾಸೆಟ್‌ಗಳು ಸಾಲಾಗಿ ನಿಂತಿದ್ದವು.

ಶನಿವಾರ ಅಧಿಕಾರಿಗಳು ಬಂದರು. ರಾಜಲಕ್ಷ್ಮಮ್ಮ ಹೇಳಿದ್ದನ್ನೆಲ್ಲ ಹುಬ್ಬು ಗಂಟಿಕ್ಕಿ ಕೇಳಿದರು. "ಹಾಕಿ ನೋಡೋಣ," ಎಂದರು. ಮೇಷ್ಟ್ರು ಕ್ಯಾಸೆಟ್ಟನ್ನು ಮೆಲ್ಲಗೆ ಒಳಗೆ ತಳ್ಳಿದರು. ಟಿವಿಯಲ್ಲಿ ಗೆರೆಗಳು ಕುಣಿದವು, ಒಂದು ಕ್ಷಣ ಕಪ್ಪಾಯಿತು — ಆಮೇಲೆ ಗಣಿತದ ಮೇಷ್ಟ್ರು ಸೀಮೆಸುಣ್ಣ ಹಿಡಿದು ಪ್ರತ್ಯಕ್ಷರಾದರು! ಹುಡುಗಿಯರು ಅಧಿಕಾರಿಗಳನ್ನೂ ಮರೆತು ಚಪ್ಪಾಳೆ ತಟ್ಟಿದರು. ಬಂದವರು ಪಾಠ ಮುಗಿಯುವವರೆಗೂ ಕೂತು, ಕೇಂದ್ರ ನಡೆಯಲಿ ಎಂದು ಹೇಳಿ ಹೋದರು.

ದೀಪಾವಳಿಯ ಹೊತ್ತಿಗೆ ಮರುಪರೀಕ್ಷೆಯ ಫಲಿತಾಂಶ ಬಂತು. ಮಾನಸಾ ಪಾಸು! ಸೋಮಯ್ಯ ಬಂದು ಮೇಷ್ಟ್ರ ಕೈಗೆ ಸಕ್ಕರೆ ಕೊಟ್ಟು, "ಕಾಲೇಜಿಗೆ ಅರ್ಜಿ ಎಲ್ಲಿ ಸಿಗ್ತದೆ ಸಾ?" ಎಂದು ಕೇಳಿದ.

ಮೇಷ್ಟ್ರು ಮಾನಸಾಳನ್ನು ಕರೆದುಕೊಂಡು ಮಗ್ಗೆಗೆ ಹೋದರು. ಅವಳು ಕಲ್ಯಾಣಮ್ಮನ ಕಾಲಿಗೆ ಬಿದ್ದಳು.

"ನನಗ್ಯಾಕಮ್ಮ? ಪಾಠ ಹೇಳಿದ್ದು ಟಿವಿ ಮೇಷ್ಟ್ರು," ಎಂದರು ಕಲ್ಯಾಣಮ್ಮ.

"ಅವರಿಗೆ ದಿನಾ ಕೈ ಮುಗೀತಿದ್ದೆ ಟೀಚರ್. ಅವರಿಗೆ ಕಾಣಲ್ವಲ್ಲ," ಎಂದಳು ಮಾನಸಾ. "ನಿಮಗೆ ಕಾಣ್ಲಿ ಅಂತ ಬಂದೆ."

ಕಲ್ಯಾಣಮ್ಮ ಅವಳನ್ನು ಎಬ್ಬಿಸಿ ತಬ್ಬಿಕೊಂಡರು.