ಮೊಹರು ಬಿದ್ದ ಮೇಲ್

ಎಂಬತ್ತನಾಲ್ಕು ಸದಸ್ಯರಿಗೆ ಮೇಲ್ ಹೋಗಿತ್ತು. ಆರು ದಿನದಲ್ಲಿ ಬಂದ ಉತ್ತರ ಎಷ್ಟು? ಸೊನ್ನೆ!

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಕಿರಿಮಂಜೇಶ್ವರದ ಒಣಮೀನು ವ್ಯಾಪಾರಸ್ಥರ ಸಂಘದ ಕಚೇರಿಯಲ್ಲಿ ಕಾರ್ಯದರ್ಶಿ ಲೀಲಾಧರ ಕಂಪ್ಯೂಟರ್ ತೆರೆದಾಗಲೇ ಇದು ಗೊತ್ತಾದದ್ದು. ಅಷ್ಟರಲ್ಲಿ ಮುಂಬೈಯಿಂದ ನಾಲ್ಕು ಫೋನ್ ಬಂದವು. ಎಲ್ಲರದ್ದೂ ಒಂದೇ ದೂರು— ಮೇಲ್‌ನಲ್ಲಿರುವ ನೀಲಿ ಸಾಲನ್ನು ಎಷ್ಟು ಒತ್ತಿದರೂ ಏನೂ ತೆರೆಯುವುದಿಲ್ಲ.

ವಿಷಯ ಸಣ್ಣದಾಗಿರಲಿಲ್ಲ. ಕಡಲ ಬದಿಯಲ್ಲಿ ಮೀನು ಒಣಗಿಸುವ ಅಂಗಳವೊಂದು ಸಂಘಕ್ಕಿದೆ. ಅದನ್ನು ರೆಸಾರ್ಟಿನವರಿಗೆ ಕೊಟ್ಟುಬಿಡೋಣ ಎಂದು ಠರಾವು ತಂದವನು ಉಪಾಧ್ಯಕ್ಷ ರತನ್. ಸದಸ್ಯರಲ್ಲಿ ಅರ್ಧಕ್ಕರ್ಧ ಜನ ಮುಂಬೈ, ದುಬೈ ಸೇರಿದ್ದರಿಂದ ಮೇಲ್‌ನಲ್ಲೇ ಅಭಿಪ್ರಾಯ ಕೇಳಿದ್ದರು. ಎರಡು ನೀಲಿ ಸಾಲು: ‘ಕೊಡಬಹುದು’, ‘ಕೊಡಬಾರದು’. ಬೇಕಾದ್ದನ್ನು ಒತ್ತಿದರೆ ಮತ ದಾಖಲು. ಶನಿವಾರ ಸಂಜೆ ಐದರೊಳಗೆ ಯಾವುದನ್ನೂ ಒತ್ತದವರು ಒಪ್ಪಿದಂತೆಯೇ ಲೆಕ್ಕ! ಈ ಕೊನೆಯ ನಿಯಮ ಕೂಡ ರತನ್‌ನದ್ದೇ.

ಆ ಮೇಲ್ ತಯಾರಿಸಿದವಳು ಬೈಂದೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಧನ್ಯಶ್ರೀ. ಅವಳ ಅಮ್ಮ ಬಾಗಿ ಎಂಬವಳು ಮೂವತ್ತು ವರ್ಷದಿಂದ ಅದೇ ಅಂಗಳದಲ್ಲಿ ಬಂಗುಡೆ ಒಣಗಿಸಿ ಮಗಳನ್ನು ಓದಿಸಿದವಳು. ಸಂಘದಿಂದ ಕರೆ ಬಂದದ್ದೇ ಧನ್ಯಶ್ರೀ ಅಂಗಡಿಗೆ ಬಾಗಿಲು ಹಾಕಿ ಸ್ಕೂಟರ್ ಹತ್ತಿ ಬಂದಿದ್ದಳು. ಬಂದವಳ ಎದುರು ರತನ್ ಒಂದು ಹಾಳೆ ಸರಿಸಿದ. ‘ಮೇಲ್ ಕೆಟ್ಟದ್ದು ನನ್ನ ತಪ್ಪಿನಿಂದ, ಸಂಘಕ್ಕೆ ಸಂಬಂಧವಿಲ್ಲ’ ಎಂದು ಅದರಲ್ಲಿ ಬರೆದಿತ್ತು. ಸಹಿ ಮಾತ್ರ ಬಾಕಿ.

“ಸಂಘದ ತಪ್ಪಾರೆ ವಾಯಿದೆ ಮುಂದ್ ಹಾಕ್ಬೇಕ್. ಹೊರಗಿನವ್ರ ತಪ್ಪಿಗೆ ಎಂತಕ್ ಹಾಕುದ್?” ಎಂದ ರತನ್.

ಧನ್ಯಶ್ರೀಗೆ ಲೆಕ್ಕಾಚಾರ ಅರ್ಥವಾಗಲು ಎರಡು ನಿಮಿಷ ಬೇಕಾಗಲಿಲ್ಲ. ಇವಳು ಸಹಿ ಹಾಕಿದರೆ ವಾಯಿದೆ ಇವತ್ತಿಗೇ ಮುಗಿಯಿತು, ಅಂಗಳವೂ ಮುಗಿಯಿತು. ಇವಳ ತಲೆಯ ಮೇಲೆ ಗೂಬೆ ಕೂರಿಸಿ ಅಮ್ಮನ ಕಾಲಡಿಯ ನೆಲ ಎಳೆಯುವುದಂತೆ!

“ನಾನ್ ಸಹಿ ಹಾಕುದಿಲ್ಲ” ಎಂದಳು, ಕಡ್ಡಿ ಮುರಿದ ಹಾಗೆ. “ನಾನ್ ಕಳ್ಸಿದ್ ಸರಿ ಇತ್ತ್.”

ಮೂಲೆಯ ಕುರ್ಚಿಯಲ್ಲಿ ಕುಸುಮಾವತಿ ಕೂತಿದ್ದರು. ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು, ಸಂಘದ ಹಳೇ ಸದಸ್ಯೆ. ಸೇವೆಯಲ್ಲಿದ್ದಾಗ ಕಾಣೆಯಾದ ರಿಜಿಸ್ಟರ್ಡ್ ಕಾಗದಗಳನ್ನು ಕೂತಲ್ಲೇ ಪತ್ತೆ ಮಾಡುತ್ತಿದ್ದರೆಂದು ಊರಲ್ಲಿ ಹೆಸರು. ಅವರು ಕನ್ನಡಕ ಒರೆಸಿ ಹಾಕಿಕೊಂಡರು.

“ನಂಗ್ ಕಂಪ್ಯೂಟರ್ ಗೊತ್ತಿಲ್ಲೆ. ಕಾಗ್ದ ಗೊತ್ತಿತ್ತ್. ಒಂದೆರಡ್ ಪ್ರಶ್ನೆ ಕೇಣ್ಲಾ?”

ಬೇಡ ಎನ್ನುವ ಧೈರ್ಯ ಯಾರಿಗಿದೆ?

ಮೇಲ್ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಮೊದಲು ಕೇಳಿದರು. ಧನ್ಯಶ್ರೀ ಸೋಮವಾರ ಬೆಳಿಗ್ಗೆ ಅದನ್ನು ಸಿದ್ಧಪಡಿಸಿ ಲೀಲಾಧರನಿಗೆ ಕಳಿಸಿದ್ದಳು. ಸದಸ್ಯರಿಗೆ ಕಳಿಸುವುದು ಸಂಘದ ಖಾತೆಯಿಂದ. ಅದರ ಪಾಸ್‌ವರ್ಡ್ ಲೀಲಾಧರನೊಬ್ಬನಿಗೇ ಗೊತ್ತು. ಅವಳು ಸದಸ್ಯೆಯಲ್ಲ, ಹಾಗಾಗಿ ಕೊನೆಗೆ ಹೋದ ಮೇಲ್ ಅವಳಿಗೆ ಬಂದೇ ಇರಲಿಲ್ಲ.

ಸೋಮವಾರ ಕಚೇರಿಯಲ್ಲಿ ಬೇರೆ ಯಾರಿದ್ದರು? ರತನ್ ಇದ್ದ! ಕಂಪ್ಯೂಟರಿನ ಪಕ್ಕದಲ್ಲೇ ಕೂತು ಚಾ ಕುಡಿದಿದ್ದ. ಧನ್ಯಶ್ರೀಯ ಕಣ್ಣು ಅವನ ಮೇಲೆ ನೆಟ್ಟಿತು. ಇವನಲ್ಲದೆ ಮತ್ತ್ಯಾರು? ಕಂಪ್ಯೂಟರ್ ಮುಟ್ಟಿದ್ದೀಯಾ ಎಂದು ಕುಸುಮಾವತಿ ಕೇಳಿದ್ದಕ್ಕೆ ಅವನು ಇಲ್ಲವೆಂದ. ಮುಟ್ಟಲಿಲ್ಲವೆಂದು ಲೀಲಾಧರನೂ ಹೇಳಿದ.

“ಹಾಂಗಾರೆ ಲೀಲಾಧರ, ಇವ್ಳ್ ಬರ್ದದ್ರಲ್ಲಿ ನೀನ್ ಎಂತಾರೂ ಬದಲ್ ಮಾಡಿದ್ಯಾ?”

“ಒಂದ್ ಅಕ್ಷರ ಬದಲ್ ಮಾಡ್ಲಿಲ್ಲ ಕುಸುಮಕ್ಕ. ದೇವ್ರಾಣೆ.”

ಅವನ ಮುಖದಲ್ಲಿ ಸುಳ್ಳಿನ ಸುಳಿವಿರಲಿಲ್ಲ. ಕುಸುಮಾವತಿ ತಮ್ಮ ಫೋನ್‌ನಲ್ಲಿ ಬಂದ ಮೇಲ್ ತೆರೆದರು. ಧನ್ಯಶ್ರೀ ತಾನು ಕಳಿಸಿದ್ದನ್ನು ತನ್ನ ಫೋನ್‌ನಲ್ಲಿ ತೆರೆದಳು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಅದೇ ಮಾತು, ಅದೇ ನೀಲಿ ಸಾಲು, ಅದೇ ಅಡಿಗೆರೆ. ಅವಳ ಫೋನ್‌ನಲ್ಲಿ ಒತ್ತಿದರೆ ಮತದ ಪುಟ ತಟ್ಟನೆ ತೆರೆಯಿತು. ಕುಸುಮಾವತಿಯವರದ್ದರಲ್ಲಿ ಒತ್ತಿದರೆ— ಏನಿಲ್ಲ.

ಎಲ್ಲರೂ ನೀಲಿ ಸಾಲನ್ನೇ ನೋಡುತ್ತಿದ್ದರು. ಕುಸುಮಾವತಿ ಮಾತ್ರ ಅದರ ಕೆಳಗೆ ನೋಡಿದರು. ನೋಡಿದವರು ಮೇಜಿನ ಮೇಲಿದ್ದ ಸಂಘದ ರಬ್ಬರ್ ಮೊಹರನ್ನು ಎತ್ತಿ, ಅಡಿಮೇಲು ಮಾಡಿ, ಬೆಳಕಿಗೆ ಹಿಡಿದರು.

“ಧನ್ಯ, ನಿನ್ನ ಫೋನ್‌ನಲ್ಲಿ ಮೊಹರ್ ಇತ್ತಾ?”

“ಇಲ್ಲೆ.”

“ನನ್ನದ್ರಲ್ಲಿ ಇತ್ತ್, ಕಾಣ್. ಚೂರ್ ಓರೆ ಬಿದ್ದಿತ್ತ್. ‘ಕೊಡಬಾರದು’ ಅಂಬುದ್ರ ಕೆಳಗೆ ಶಾಯಿ ಹರ್ಡಿತ್ತ್. ಇಲ್ಲಿ ರಬ್ಬರಿನ ಅಂಚ್ ತುಂಡಾದಲ್ಲೇ ಅಲ್ಲಿಯೂ ಮೊಹರಿನ ಸುತ್ತುಗೆರೆ ತುಂಡಾಯಿತ್ತ್. ಇದ್ ಕೈಯಗ್ ಒತ್ತಿದ್ ಮೊಹರ್. ಕೈ ಮೊಹರ್ ಬೀಳುದ್ ಕಾಗ್ದದ ಮೇಲೆ. ಮೇಲ್ ಯಾವಾಗ ಕಾಗ್ದ ಆಯ್ತ್, ಲೀಲಾಧರ?”

ಲೀಲಾಧರ ಕಕ್ಕಾಬಿಕ್ಕಿಯಾದ. ಆಮೇಲೆ ಒಂದೊಂದಾಗಿ ಹೇಳಿದ. ಮೊಹರಿಲ್ಲದ ಕಾಗದ ಸಂಘದಿಂದ ಹೊರಗೆ ಹೋಗಬಾರದು; ಅದು ಅವನ ಇಪ್ಪತ್ತೆರಡು ವರ್ಷದ ಕ್ರಮ. ಮೇಲ್ ಆದರೇನು, ಅದೂ ಸಂಘದ ಕಾಗದವೇ! ಹಾಗಾಗಿ ಪ್ರಿಂಟ್ ತೆಗೆದ, ಸಹಿ ಹಾಕಿದ, ಮೊಹರು ಒತ್ತಿದ, ಸ್ಕ್ಯಾನ್ ಮಾಡಿದ. ಆ ಚಿತ್ರವನ್ನೇ ಹೊಸ ಮೇಲ್‌ಗೆ ಅಂಟಿಸಿ ಎಂಬತ್ತನಾಲ್ಕು ಜನರಿಗೆ ಕಳಿಸಿದ. ಅಕ್ಷರ ಒಂದೂ ಬದಲಾಗಲಿಲ್ಲ, ನಿಜ.

ಧನ್ಯಶ್ರೀಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನೀಲಿ ಸಾಲಿನ ಹಿಂದೆ ಅವಳು ಅಡಗಿಸಿಟ್ಟ ವಿಳಾಸ ಪ್ರಿಂಟರಿನಲ್ಲೇ ಉಳಿದುಹೋಗಿತ್ತು. ಸದಸ್ಯರಿಗೆ ಹೋದದ್ದು ಲಿಂಕ್ ಅಲ್ಲ, ಲಿಂಕಿನ ಪಟ. ಪಟವನ್ನು ಒತ್ತಿದರೆ ಯಾವ ಪುಟ ತೆರೆದೀತು?

“ಬೇಕಂತ ಮಾಡಿದವ್ರ್ ಯಾರೂ ಇಲ್ಲೆ” ಎಂದರು ಕುಸುಮಾವತಿ. “ಕೆಡ್ಸಿದ್ ಸಂಘದ ಕಾರ್ಯದರ್ಶಿ. ಅಂದ್ರೆ ತಪ್ಪ್ ಸಂಘದ್ದ್. ಅಲ್ದಾ ರತನ್? ಸಂಘದ ತಪ್ಪಾರೆ ವಾಯಿದೆ ಮುಂದ್ ಹಾಕ್ಬೇಕ್ ಅಂದ್ ಹೇಳಿದ್ ನೀನೇ ಅಲ್ದಾ?”



ತನ್ನ ಸಹಿಗೆಂದು ಕಾದಿದ್ದ ಹಾಳೆಯನ್ನು ಧನ್ಯಶ್ರೀ ಮಗುಚಿ ಲೀಲಾಧರನ ಮುಂದೆ ಇಟ್ಟಳು. ತಪ್ಪು ಸಂಘದ್ದೆಂದೂ ವಾಯಿದೆ ಮುಂದಿನ ಶನಿವಾರದವರೆಗೆಂದೂ ಅದರ ಖಾಲಿ ಬೆನ್ನಿನ ಮೇಲೆ ಬರೆಸಿದಳು. ಪಾಪ, ಅವನು ತಲೆ ತಗ್ಗಿಸಿ ಬರೆದ. ಅವನ ಮೇಲೆ ಅವಳಿಗೆ ಸಿಟ್ಟು ಉಳಿದಿರಲಿಲ್ಲ. ಆದರೂ ಬಿಡಲಿಲ್ಲ.

“ಮೊಹರ್ ಹಾಕಿ, ಲೀಲಾಧರಣ್ಣ. ಕ್ರಮ ಅಲ್ದಾ?”

ಅವನು ಹಾಕಿದ. ಹಾಳೆಯನ್ನು ಅವಳು ಮಡಚಿ ಚೀಲದೊಳಗೆ ಇಟ್ಟುಕೊಂಡಳು. ಆಮೇಲೆ ಸಂಘದ ಖಾತೆಯಿಂದ ತನ್ನ ಮೇಲ್ ಅನ್ನು ಹೊಸ ತಾರೀಕಿನೊಂದಿಗೆ, ಪ್ರಿಂಟರಿನ ಹತ್ತಿರವೂ ಸುಳಿಯಗೊಡದೆ, ಅವನ ಕೈಯಿಂದಲೇ ಕಳಿಸಿದಳು.

ಕುಸುಮಾವತಿಯವರ ಫೋನ್ ಸದ್ದು ಮಾಡಿತು. ಅವರು ರತನ್‌ನ ಮುಖ ನೋಡುತ್ತಲೇ ‘ಕೊಡಬಾರದು’ ಎಂಬುದರ ಮೇಲೆ ಬೆರಳು ಒತ್ತಿದರು, ಮೂವತ್ತೈದು ವರ್ಷ ಅಂಚೆ ಮುದ್ರೆ ಒತ್ತಿದ ಅದೇ ಗಟ್ಟಿ ಕೈಯಲ್ಲಿ.

ಕಂಪ್ಯೂಟರಿನ ಪರದೆಯ ಮೇಲೆ ಸೊನ್ನೆ ಹೋಗಿ ಒಂದು ಬಂತು.